ಕ್ಲೌಡ್ ಕೈಪಿಡಿಗೆ ಕನ್ನಡದ ಪದಪಟ್ಟಿ ಕಟ್ಟುವುದು ಹೇಗೆ?

ಕ್ಲೌಡ್ ಎಂದರೆ ದೂರದ ಕಂಪ್ಯೂಟರ್‌ಗಳನ್ನು ಅಂತರ್ಜಾಲದ ಮೂಲಕ ಬೇಕಾದಷ್ಟು ಪಡೆದು ಬಳಸುವ ಏರ್ಪಾಡು. ಅಂಥ ತಂತ್ರಾಂಶದ ಕನ್ನಡ ಕೈಪಿಡಿಯೊಂದರಲ್ಲಿ ಒಂದು ಪುಟ ‘ಇನ್‌ಸ್ಟನ್ಸ್ ನಿಲ್ಲಿಸಿ’ ಎನ್ನುತ್ತದೆ. ಮುಂದಿನ ಅಧ್ಯಾಯ ‘ಸರ್ವರ್ ಮುಚ್ಚಿ’ ಎನ್ನುತ್ತದೆ. ಇನ್ನೊಂದು ಕಡೆ ‘ವರ್ಚುವಲ್ ಯಂತ್ರವನ್ನು ಕೊನೆಗೊಳಿಸಿ’ ಎಂದಿದೆ. ಇವು ಒಂದೇ ಕೆಲಸವೋ ಮೂರು ಬೇರೆ ಬೇರೆ ಕೆಲಸವೋ ಎಂದು ತಿಳಿಯಲು ಓದುವವರಿಗೆ ದಾರಿಯೇ ಇಲ್ಲ. ಅಮೆಜಾನ್‌ನ ಇಸಿ2 ಎಂಬ, ವರ್ಚುವಲ್ ಯಂತ್ರಗಳನ್ನು (ದೊಡ್ಡ ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರ್‌ಗಳನ್ನು) ಬಾಡಿಗೆಗೆ ಕೊಡುವ ಸೇವೆಯಲ್ಲಿ ‘ಸ್ಟಾಪ್’ ಒತ್ತಿದರೆ ಯಂತ್ರ ನಿಲ್ಲುತ್ತದೆ, ಅದಕ್ಕೆ ಜೋಡಿಸಿದ ಇಬಿಎಸ್ ಎಂಬ ಡಿಸ್ಕ್ ಹಾಗೇ ಉಳಿಯುತ್ತದೆ, ನಾಳೆ ಮತ್ತೆ ಶುರು ಮಾಡಬಹುದು. ‘ಟರ್ಮಿನೇಟ್’ ಒತ್ತಿದರೆ ಯಂತ್ರವೇ ಹೋಗುತ್ತದೆ. ಮೊದಲೇ ಬೇರೆ ರೀತಿ ಹೊಂದಿಸಿಡದಿದ್ದರೆ ಅದರ ಮೂಲ ಡಿಸ್ಕ್ ಕೂಡ ಜತೆಗೇ ಅಳಿದುಹೋಗುತ್ತದೆ. ಊರಿನ ಸಹಕಾರಿ ಸಂಘದ ಲೆಕ್ಕ ಆ ಡಿಸ್ಕ್‌ನಲ್ಲಿದೆ ಎಂದಿಟ್ಟುಕೊಳ್ಳಿ. ‘ಕೊನೆಗೊಳಿಸಿ’ ಎಂಬುದನ್ನು ‘ಇವತ್ತಿನ ಮಟ್ಟಿಗೆ ಮುಗಿಸಿ’ ಎಂದು ಓದಿಕೊಂಡ ಗುಮಾಸ್ತರ ತಪ್ಪು ಅದರಲ್ಲಿ ಏನೂ ಇಲ್ಲ. ತಪ್ಪು ಕೈಪಿಡಿಯದು.

ಕಾಸರಗೋಡಿನಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ತೊಡಕು ಇನ್ನೂ ಸ್ವಲ್ಪ ಹೆಚ್ಚು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಇರುತ್ತದೆ. ಶಾಲೆ ಕನ್ನಡದ್ದು. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದ ಮಲಯಾಳದ್ದು. ಕಂಪ್ಯೂಟರ್ ಪರದೆ ಇಂಗ್ಲಿಷಿನದು. ಇಷ್ಟು ಭಾಷೆ ಬಲ್ಲವರು ಅನುವಾದಕ್ಕೆ ಸಿಗುವುದು ಪುಣ್ಯವೇ. ಆದರೆ ನಾಲ್ಕು ಜನ ಸೇರಿ ಒಂದು ಕೈಪಿಡಿ ಮಾಡಿದರೆ ಒಂದೇ ವಿಷಯಕ್ಕೆ ನಾಲ್ಕು ಹೆಸರು ಬೀಳುವುದೂ ಅಷ್ಟೇ ಖಂಡಿತ. ನಮ್ಮ ಕಡೆಯ ಅಡಿಕೆ ಅಂಗಡಿಗಳಲ್ಲಿ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದರೆ ಯಾವ ಅಡಿಕೆ ಎಂಬುದರಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಗೊಂದಲವಿಲ್ಲ. ಹಾಗಿರುವುದರಿಂದಲೇ ವ್ಯಾಪಾರ ನಡೆಯುತ್ತದೆ. ಕೈಪಿಡಿಯ ಪದಗಳಿಗೂ ಅಂಥದೇ ಒಪ್ಪಂದ ಬೇಕು, ಅದೂ ಬರಹದಲ್ಲಿ ಬೇಕು.

ಮೊದಲು ಹೆಕ್ಕಿ, ಆಮೇಲೆ ಅನುವಾದಿಸಿ

ಮೊದಲ ಸಾಲಿನಿಂದಲೇ ಅನುವಾದಕ್ಕೆ ಕೂರಬೇಡಿ. ಇಂಗ್ಲಿಷ್ ಕೈಪಿಡಿಯನ್ನು ಒಂದು ಸಲ ಪೂರ್ತಿ ಓದಿ, ಪದೇ ಪದೇ ಬರುವ ಪದಗಳನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಹೆಕ್ಕಿಡಿ. ಪರದೆಯ ಮೇಲಿನ ಗುಂಡಿಗಳು, ಮೆನುಗಳು, ದೋಷ ಸಂದೇಶಗಳು ಮೊದಲು. ಪರದೆಯಲ್ಲಿ ಒಂದು ಹೆಸರು, ಕೈಪಿಡಿಯಲ್ಲಿ ಇನ್ನೊಂದು ಹೆಸರು ಇದ್ದರೆ ಓದುಗರು ಅಲ್ಲಿಗೇ ಸಿಕ್ಕಿಬೀಳುತ್ತಾರೆ. ಕೈಪಿಡಿ ಇಂಗ್ಲಿಷ್ ಸಾಲು ಮತ್ತು ಅದರ ಅನುವಾದವನ್ನು ಜತೆಜತೆಯಾಗಿ ಇಡುವ ಪಿಒ ಫೈಲ್‌ಗಳ ರೂಪದಲ್ಲಿದ್ದರೆ ಟ್ರಾನ್ಸ್‌ಲೇಟ್ ಟೂಲ್‌ಕಿಟ್‌ನ ‘ಪೋಟರ್ಮಿನಾಲಜಿ’ ಎಂಬ ಸಲಕರಣೆ ಪದೇ ಪದೇ ಬರುವ ಪದಗಳನ್ನು ತಾನೇ ಆರಿಸಿ ಕೊಡುತ್ತದೆ. ಅದು ಕೊಡುವುದರಲ್ಲಿ ಅರ್ಧದಷ್ಟು ಬೇಡದ ಪದಗಳಿರುತ್ತವೆ, ಅವನ್ನು ಕೈಯಲ್ಲೇ ಆರಿಸಿ ತೆಗೆಯಬೇಕಾಗುತ್ತದೆ. ಆರಂಭಕ್ಕೆ ಎಪ್ಪತ್ತು ಎಂಬತ್ತು ಪದಗಳ ಪಟ್ಟಿ ಸಾಕು. ಐನೂರು ಪದಗಳ ಪಟ್ಟಿ ಕಟ್ಟಲು ಹೊರಟವರು ಅನುವಾದಕ್ಕೆ ತಲುಪುವುದೇ ಇಲ್ಲ.

ಪದವನ್ನಲ್ಲ, ವಿಷಯವನ್ನು ಬರೆದುಕೊಳ್ಳಿ

ಪಟ್ಟಿಯ ಮೊದಲ ಕಾಲಂನಲ್ಲಿ ಇಂಗ್ಲಿಷ್ ಪದ ಬರೆಯುವುದು ಎಲ್ಲರ ರೂಢಿ. ನಾನು ಅದನ್ನು ಎರಡನೆಯ ಕಾಲಂಗೆ ತಳ್ಳಿ ಎನ್ನುತ್ತೇನೆ. ಮೊದಲ ಕಾಲಂನಲ್ಲಿ ಆ ವಿಷಯ ಏನು ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಕ್ಲೌಡ್ ಲೋಕದಲ್ಲಿ ಇಂಗ್ಲಿಷೇ ಒಂದು ಹದದಲ್ಲಿಲ್ಲದಿರುವುದು ಇದಕ್ಕೆ ಕಾರಣ.

ಓಪನ್‌ಸ್ಟ್ಯಾಕ್ ಅನ್ನೇ ನೋಡಿ. ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ 2010ರಲ್ಲಿ ಶುರುಮಾಡಿದ ಕ್ಲೌಡ್ ಕಟ್ಟುವ ಈ ಮುಕ್ತ ತಂತ್ರಾಂಶದಲ್ಲಿ ಒಂದು ವರ್ಚುವಲ್ ಯಂತ್ರಕ್ಕೆ ಹೊರೈಜನ್ ಎಂಬ ವೆಬ್ ಪರದೆಯ ಮೇಲೆ ‘ಇನ್‌ಸ್ಟನ್ಸ್’ ಎಂದು ಹೆಸರು. ಅದೇ ಯಂತ್ರಕ್ಕೆ ಟೈಪ್ ಮಾಡಿ ಕೊಡುವ ಆಜ್ಞೆಯ ಸಾಲಿನಲ್ಲಿ ‘ಸರ್ವರ್’ ಎಂದು ಹೆಸರು. ಬಳಕೆದಾರರ ಗುಂಪಿಗೆ ಹಂಚಿಕೊಟ್ಟ ಸಂಪನ್ಮೂಲಗಳ ಘಟಕ ಗುರುತು ಮತ್ತು ಅನುಮತಿ ನೋಡಿಕೊಳ್ಳುವ ಭಾಗವಾದ ಕೀಸ್ಟೋನ್‌ನ ಎರಡನೆಯ ಆವೃತ್ತಿಯ ಎಪಿಐಯಲ್ಲಿ, ಅಂದರೆ ಬೇರೆ ತಂತ್ರಾಂಶಗಳು ಅದರೊಡನೆ ಮಾತಾಡುವ ದಾರಿಯಲ್ಲಿ, ‘ಟೆನೆಂಟ್’ ಆಗಿತ್ತು, ಮೂರನೆಯದರಲ್ಲಿ ‘ಪ್ರಾಜೆಕ್ಟ್’ ಆಯಿತು. ಹಳೆಯ ಬರಹಗಳಲ್ಲಿ ಇನ್ನೂ ಟೆನೆಂಟ್ ಇದೆ. ಇಂಗ್ಲಿಷ್ ಪದವನ್ನೇ ಹಿಡಿದು ಹೋದವರು ಒಂದನ್ನು ‘ಬಾಡಿಗೆದಾರ’ ಎಂದೂ ಇನ್ನೊಂದನ್ನು ‘ಯೋಜನೆ’ ಎಂದೂ ಮಾಡಿ ಒಂದು ವಸ್ತುವನ್ನು ಎರಡು ಮಾಡುತ್ತಾರೆ. ವಿಷಯವನ್ನು ಹಿಡಿದವರಿಗೆ ಎರಡೂ ‘ಪ್ರಾಜೆಕ್ಟ್’.

ಇದರ ತಿರುವುಮುರುವೂ ಉಂಟು. ಓಪನ್‌ಸ್ಟ್ಯಾಕ್‌ನ ಸ್ವಿಫ್ಟ್‌ನಲ್ಲಿ ‘ಕಂಟೇನರ್’ ಎಂದರೆ ಫೈಲ್‌ಗಳನ್ನು ಇಡುವ ಜಾಗ. ಅಮೆಜಾನ್ ಎಸ್3ಯಲ್ಲಿ ಅದನ್ನೇ ‘ಬಕೆಟ್’ ಎನ್ನುತ್ತಾರೆ. ಡಾಕರ್, ಕುಬರ್ನೆಟೀಸ್‌ಗಳಲ್ಲಿ ‘ಕಂಟೇನರ್’ ಎಂದರೆ ತನಗೆ ಬೇಕಾದ್ದನ್ನೆಲ್ಲ ಜತೆಗೇ ಹೊತ್ತು, ಉಳಿದವುಗಳಿಂದ ಬೇರೆಯಾಗಿ ಓಡುವ ಪ್ರೋಗ್ರಾಂ. ಎರಡೂ ಒಂದೇ ಕೈಪಿಡಿಯಲ್ಲಿ ಬಂದರೆ ಒಂದನ್ನು ‘ಸಂಗ್ರಹದ ಕಂಟೇನರ್’ ಎಂದು ಪ್ರತಿ ಸಲವೂ ಬರೆಯಬೇಕು. ಮೊದಲ ಸಲ ಮಾತ್ರ ಬರೆದರೆ ಸಾಲದು, ಯಾಕೆಂದರೆ ಕೈಪಿಡಿಯನ್ನು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ಕೆಲಸ ಕೆಟ್ಟಾಗ ಹುಡುಕಿ ನಡುವಿಗೆ ಬಂದು ಇಳಿಯುತ್ತಾರೆ.

ವಿಷಯದ ಸಾಲು ಬರೆಯಲು ಆಧಾರ ಬೇಕಾದರೆ ಅಮೆರಿಕ ಸರ್ಕಾರದ, ಮಾನದಂಡಗಳನ್ನು ನೋಡಿಕೊಳ್ಳುವ ಎನ್‌ಐಎಸ್‌ಟಿ ಸಂಸ್ಥೆ 2011ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ 800-145 ಸಂಖ್ಯೆಯ ಚಿಕ್ಕ ಪ್ರಕಟಣೆ ಓದಿ. ಕ್ಲೌಡ್ ಅನ್ನಿಸಿಕೊಳ್ಳಲು ಬೇಕಾದ ಐದು ಲಕ್ಷಣ, ಮೂರು ಬಗೆಯ ಸೇವೆ, ನಾಲ್ಕು ಬಗೆಯ ಸ್ಥಾಪನೆ, ಇಷ್ಟನ್ನು ಕೆಲವೇ ಪುಟಗಳಲ್ಲಿ ಹೇಳುತ್ತದೆ. ಯಾವ ಕಂಪನಿಯ ಮಾರಾಟದ ಭಾಷೆಯೂ ಅದರಲ್ಲಿಲ್ಲ.

ಯಾವುದನ್ನು ಕನ್ನಡಿಸಬೇಕು, ಯಾವುದನ್ನು ಬಿಡಬೇಕು

ಇದರಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಓಪನ್‌ಸ್ಟ್ಯಾಕ್‌ನ ಭಾಗಗಳಾದ ನೋವಾ, ಸಿಂಡರ್, ಗ್ಲಾನ್ಸ್‌ನಂಥ ಹೆಸರುಗಳು ಹೆಸರುಗಳೇ, ಮುಟ್ಟಬೇಡಿ. ಆಜ್ಞೆಗಳು ಯಂತ್ರಕ್ಕೆ ಬೇಕಾದ ಲಿಪಿಯಲ್ಲೇ ಇರಲಿ. ಬಳಕೆದಾರ, ಅನುಮತಿ, ಖಾತೆ, ವಲಯ ಇವೆಲ್ಲ ಬಳಕೆಯಲ್ಲಿರುವ ಒಳ್ಳೆಯ ಪದಗಳು. ‘ಕ್ಲೌಡ್’ ಅನ್ನು ‘ಮೇಘ’ ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಮೇಘ ಸಂಗ್ರಹಣೆ ತುಂಬಿದೆ’ ಎಂಬ ಸಂದೇಶ ಕಂಡರೆ ಮಳೆ ಬರುತ್ತದೆ ಎಂದುಕೊಳ್ಳಬೇಕು. ‘ಫ್ಲೇವರ್’ ಎಂದರೆ ಓಪನ್‌ಸ್ಟ್ಯಾಕ್‌ನಲ್ಲಿ ಯಂತ್ರಕ್ಕೆ ಎಷ್ಟು ಸಿಪಿಯು, ಎಷ್ಟು ಮೆಮೊರಿ, ಎಷ್ಟು ಡಿಸ್ಕ್ ಎಂಬ ಅಳತೆ. ಅದನ್ನು ‘ರುಚಿ’ ಎಂದು ಅನುವಾದಿಸಿದರೆ ಯಾರಿಗೂ ಉಪಕಾರವಿಲ್ಲ. ಪರದೆಯಲ್ಲಿ ಫ್ಲೇವರ್ ಎಂದಿದ್ದರೆ ಕೈಪಿಡಿಯಲ್ಲೂ ಫ್ಲೇವರ್, ಜತೆಗೆ ಯಂತ್ರದ ಅಳತೆ ಎಂಬ ವಿವರಣೆ. ‘ರೀಜನ್’ ಮತ್ತು ‘ಝೋನ್’ ಎರಡನ್ನೂ ‘ವಲಯ’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಮುಂಬೈ ಒಂದು ರೀಜನ್, ಅದರೊಳಗೆ ಝೋನ್‌ಗಳು ಹಲವು. ಆದ್ದರಿಂದ ರೀಜನ್‌ಗೆ ‘ಪ್ರದೇಶ’, ಝೋನ್‌ಗೆ ‘ವಲಯ’ ಎಂದು ಬೇರೆ ಮಾಡಿಡಿ.

ಕೇರಳದ ಶಾಲೆಗಳಲ್ಲಿ ಸರ್ಕಾರದ ಕೈಟ್ ಸಂಸ್ಥೆಯ, ಉಬುಂಟು ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಆಧರಿಸಿದ ತಂತ್ರಾಂಶದ ಮೇಲೆ ಮಕ್ಕಳು ಐಸಿಟಿ, ಅಂದರೆ ಮಾಹಿತಿ ತಂತ್ರಜ್ಞಾನ, ಕಲಿಯುತ್ತಾರೆ, ಕನ್ನಡ ಮಾಧ್ಯಮದವರಿಗೆ ಕನ್ನಡದ ಪಠ್ಯಪುಸ್ತಕವಿದೆ. ಪದ ಆರಿಸುವ ಮೊದಲು ಆ ಪುಸ್ತಕ ತೆರೆದು ನೋಡಿ. ಫೈಲ್, ಫೋಲ್ಡರ್, ಜಾಲದ ಬಗ್ಗೆ ಮಕ್ಕಳು ಈಗಾಗಲೇ ಕಲಿತ ಪದ ಸರಿಯಿದ್ದರೆ ಅದನ್ನೇ ಇಟ್ಟುಕೊಳ್ಳಿ. ನಾಳೆ ನಿಮ್ಮ ಕೈಪಿಡಿ ಓದುವವರು ಅವರೇ.

ಕ್ರಿಯಾಪದಗಳ ಮೇಲೆ ಹೆಚ್ಚು ಕಣ್ಣಿಡಿ

ಪದಪಟ್ಟಿ ಎಂದರೆ ನಾಮಪದಗಳ ಪಟ್ಟಿ ಎಂದು ಬಹಳ ಜನ ತಿಳಿದಿದ್ದಾರೆ. ನಾಮಪದ ತಪ್ಪಿದರೆ ಓದುಗರು ಗೊಂದಲಪಡುತ್ತಾರೆ. ಕ್ರಿಯಾಪದ ತಪ್ಪಿದರೆ ದತ್ತಾಂಶ ಹೋಗುತ್ತದೆ, ಇಲ್ಲವೇ ಬಿಲ್ ಬರುತ್ತದೆ.

ಓಪನ್‌ಸ್ಟ್ಯಾಕ್‌ನಲ್ಲಿ ‘ಪಾಜ್’ ಮಾಡಿದ ಯಂತ್ರದ ಸ್ಥಿತಿ ಮೆಮೊರಿಯಲ್ಲೇ ಇರುತ್ತದೆ. ‘ಸಸ್ಪೆಂಡ್’ ಮಾಡಿದರೆ ಆ ಸ್ಥಿತಿ ಡಿಸ್ಕ್‌ಗೆ ಹೋಗುತ್ತದೆ. ‘ಶೆಲ್ವ್’ ಮಾಡಿದರೆ ಯಂತ್ರವನ್ನು ಇಮೇಜ್ ಆಗಿ, ಅಂದರೆ ಪೂರ್ತಿ ನಕಲಿನ ಫೈಲ್ ಆಗಿ, ತೆಗೆದಿಟ್ಟು, ಅದು ಹಿಡಿದಿದ್ದ ಜಾಗವನ್ನು ಬಿಡಿಸಿಕೊಡಬಹುದು. ಮೂರಕ್ಕೂ ‘ತಾತ್ಕಾಲಿಕವಾಗಿ ನಿಲ್ಲಿಸು’ ಎಂದು ಬರೆದ ಕೈಪಿಡಿ ಯಾವುದನ್ನೂ ಹೇಳಿದಂತಾಗಲಿಲ್ಲ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಇನ್ನೂ ಸೂಕ್ಷ್ಮ. ಯಂತ್ರದ ಒಳಗಿಂದ ಶಟ್‌ಡೌನ್ ಕೊಟ್ಟರೆ ಅದು ‘ಸ್ಟಾಪ್ಡ್’ ಸ್ಥಿತಿಗೆ ಬರುತ್ತದೆ, ಆದರೆ ಅದಕ್ಕೆಂದು ಮೀಸಲಿಟ್ಟ ಸಿಪಿಯು, ಮೆಮೊರಿಯ ಬಾಡಿಗೆ ಓಡುತ್ತಲೇ ಇರುತ್ತದೆ. ‘ಡಿಅಲೊಕೇಟೆಡ್’ ಆದ ಮೇಲೆಯೇ ಆ ಬಾಡಿಗೆ ನಿಲ್ಲುವುದು. ಅಲ್ಲಿ ‘ನಿಲ್ಲಿಸು’ ಮತ್ತು ‘ಬಿಟ್ಟುಕೊಡು’ ಎಂಬ ಎರಡು ಪದ ಬೇಕೇ ಬೇಕು.

ಒಂದೇ ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಪದ ಬೇಕಾಗುವುದೂ ಇದೆ. ಹಣ ಕಟ್ಟದ ಖಾತೆಯನ್ನು ಸಸ್ಪೆಂಡ್ ಮಾಡಿದರೆ ಅದು ‘ಅಮಾನತು’. ಯಂತ್ರವನ್ನು ಸಸ್ಪೆಂಡ್ ಮಾಡಿದರೆ ಅಮಾನತು ಎನ್ನಬಾರದು, ಶಿಕ್ಷೆಯಂತೆ ಕೇಳುತ್ತದೆ. ಅಲ್ಲಿ ‘ಸಸ್ಪೆಂಡ್ ಮಾಡು’ ಎಂದೇ ಇರಲಿ. ಡಿಸ್ಕ್ ವಾಲ್ಯೂಮ್ ಅನ್ನು ಯಂತ್ರಕ್ಕೆ ‘ಅಟ್ಯಾಚ್’ ಮಾಡುವುದು ಒಂದು ಕೆಲಸ, ಆಪರೇಟಿಂಗ್ ಸಿಸ್ಟಂನಲ್ಲಿ ಅದನ್ನು ಬಳಕೆಗೆ ತೆರೆಯುವಂತೆ ‘ಮೌಂಟ್’ ಮಾಡುವುದು ಮುಂದಿನ ಕೆಲಸ. ಎರಡಕ್ಕೂ ‘ಜೋಡಿಸು’ ಎಂದರೆ ಓದುಗರು ಮೊದಲನೆಯದನ್ನು ಮಾಡಿ ಕೈಬಿಟ್ಟು, ಡಿಸ್ಕ್ ಕಾಣಿಸುತ್ತಿಲ್ಲ ಎಂದು ಫೋನ್ ಮಾಡುತ್ತಾರೆ. ಜೋಡಿಸು, ಮೌಂಟ್ ಮಾಡು ಎಂದು ಬೇರೆ ಇಡಿ. ಬಿಡಿಸುವಾಗಲೂ ಹಾಗೆಯೇ.

ಪಟ್ಟಿಯ ಒಂದು ನಮೂದು ಪೂರ್ತಿಯಾಗಿ ಹೀಗಿದ್ದರೆ ಒಳ್ಳೆಯದು:

ವಿಷಯ: ಮತ್ತೆ ಶುರುಮಾಡಲು ಬಾರದಂತೆ ಯಂತ್ರವನ್ನು ಇಲ್ಲವಾಗಿಸುವುದು.
ಇಂಗ್ಲಿಷ್: ಟರ್ಮಿನೇಟ್.
ಗುಂಡಿಯ ಮೇಲೆ: ಅಳಿಸಿಹಾಕು. ಸೂಚನೆಯಲ್ಲಿ: ಅಳಿಸಿಹಾಕಿ. ಸ್ಥಿತಿಯಾಗಿ: ಅಳಿಸಿಹಾಕಲಾಗಿದೆ.
ಬಳಸಬಾರದ್ದು: ನಿಲ್ಲಿಸು, ಮುಚ್ಚು, ಮುಗಿಸು, ಕೊನೆಗೊಳಿಸು.
ಉದಾಹರಣೆ: ಇನ್‌ಸ್ಟನ್ಸ್ ಅಳಿಸಿಹಾಕುವ ಮೊದಲು ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆಯಿರಿ.
ಕಾರಣ: ಡಿಸ್ಕ್ ಕೂಡ ಹೋಗಬಹುದು ಎಂಬುದು ಪದದಲ್ಲೇ ಗೊತ್ತಾಗಬೇಕು.

ಫೈಲ್ ಡಿಲೀಟ್ ಮಾಡುವುದಕ್ಕೆ ‘ಅಳಿಸು’ ಇರುವಾಗ ಇದು ಅದಕ್ಕೆ ತೀರ ಹತ್ತಿರವಾಯಿತಲ್ಲ ಎಂದು ಕೇಳಬಹುದು. ಎರಡೂ ಹೋದರೆ ಬಾರದ ಕೆಲಸಗಳೇ, ಆದ್ದರಿಂದ ಹತ್ತಿರವಿದ್ದರೆ ಅಪಾಯವಿಲ್ಲ. ಅಳಿಸುವ ಪದ ನಿಲ್ಲಿಸುವ ಪದಕ್ಕೆ ಹತ್ತಿರ ಬಂದಾಗಲೇ ಅಪಾಯ.

‘ಬಳಸಬಾರದ್ದು’ ಎಂಬ ಸಾಲನ್ನು ಬಿಡಬೇಡಿ. ಹೊಸದಾಗಿ ತಂಡಕ್ಕೆ ಬಂದವರು ಸರಿಯಾದ ಪದ ಹುಡುಕುವುದು ತಮ್ಮ ಮನಸ್ಸಿಗೆ ಬಂದ ಪದದಿಂದ. ಅವರು ‘ಕೊನೆಗೊಳಿಸು’ ಎಂದು ಹುಡುಕಿದರೂ ಈ ನಮೂದು ಸಿಗಬೇಕು. ಗುಂಡಿಗೆ ಒಂದು ರೂಪ, ಸೂಚನೆಗೆ ಇನ್ನೊಂದು ರೂಪ ಇಟ್ಟಿದ್ದಕ್ಕೂ ಕಾರಣವಿದೆ. ಗುಂಡಿಯಲ್ಲಿ ನಾವು ಯಂತ್ರಕ್ಕೆ ಹೇಳುತ್ತೇವೆ, ಸೂಚನೆಯಲ್ಲಿ ಓದುಗರಿಗೆ ಹೇಳುತ್ತೇವೆ. ಯಂತ್ರಕ್ಕೆ ‘ಉಳಿಸು’ ಸಾಕು, ಓದುಗರಿಗೆ ‘ಉಳಿಸಿ’ ಎನ್ನಬೇಕು. ಬೇರೆ ತಂಡದವರು ಎರಡೂ ಕಡೆ ‘ಉಳಿಸಿ’ ಎಂದು ಇಡಬಹುದು, ಅದೂ ಸರಿಯೇ. ಒಂದು ಪುಟದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಆಗಕೂಡದು ಅಷ್ಟೇ.

ಕಾಗುಣಿತ ಮತ್ತು ಪ್ರತ್ಯಯ

ಪದ ಒಂದೇ ಆದರೂ ಬರೆಯುವ ಬಗೆ ನಾಲ್ಕಾದರೆ ಕಂಪ್ಯೂಟರ್‌ಗೆ ಅದು ನಾಲ್ಕು ಪದ. ಇನ್‌ಸ್ಟನ್ಸ್, ಇನ್‌ಸ್ಟೆನ್ಸ್, ಇನ್ಸ್‌ಟನ್ಸ್, ಇನ್ಸ್ಟನ್ಸ್ ಇವನ್ನು ನಾವು ಒಂದೇ ಎಂದು ಓದುತ್ತೇವೆ, ಹುಡುಕುವ ಯಂತ್ರ ಓದುವುದಿಲ್ಲ. ‘ನೆಟ್‌ವರ್ಕ್’ ಎಂಬಲ್ಲಿ ಟಕಾರದ ಅರೆಯಕ್ಷರಕ್ಕೆ ವಕಾರ ಒತ್ತಾಗದಂತೆ ತಡೆಯುವ ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ‘ನೆಟ್ವರ್ಕ್’ ಎಂದು ಬರೆದರೆ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ತಪ್ಪುತ್ತದೆ. ನುಕ್ತ (ಅಕ್ಷರಕ್ಕೆ ಇಡುವ ಚುಕ್ಕಿಗುರುತು) ಹಾಕಿದ ಫ಼ೈಲ್, ಹಾಕದ ಫೈಲ್ ಕೂಡ ಹೀಗೆಯೇ. ಎಲ್ಲಿ ಈ ಕಾಣದ ಚಿಹ್ನೆ, ಎಲ್ಲಿ ನುಕ್ತ ಎಂದು ಒಮ್ಮೆ ತೀರ್ಮಾನಿಸಿ, ಆ ರೂಪವನ್ನು ಪಟ್ಟಿಯಿಂದ ನಕಲು ಮಾಡಿ ಅಂಟಿಸುವುದೇ ಒಳ್ಳೆಯದು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಕೈಗೆ ಬಂದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಉಳಿದದ್ದು.

ಪ್ರತ್ಯಯದ ವಿಷಯ ಕನ್ನಡದ್ದೇ ಆದ ತಲೆನೋವು. ಇಂಗ್ಲಿಷ್ ಪದಪಟ್ಟಿಗಳ ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ. ಮಾತಿನಲ್ಲಿ ನಾವು ‘ಸರ್ವರಿಗೆ’, ‘ಸರ್ವರಿನಲ್ಲಿ’ ಎನ್ನುತ್ತೇವೆ, ಕೆಲವರು ‘ಸರ್ವರಲ್ಲಿ’ ಎಂದೂ ಬರೆಯುತ್ತಾರೆ. ಪಟ್ಟಿಯಲ್ಲಿರುವ ‘ಸರ್ವರ್’ ಅರೆಯಕ್ಷರದಲ್ಲಿ ಮುಗಿಯುತ್ತದೆ. ‘ಸರ್ವರಿನಲ್ಲಿ’ ಎಂದು ಬರೆದೊಡನೆ ಆ ಅರೆಯಕ್ಷರದ ಗುರುತು ಮಾಯವಾಗಿ ಇಕಾರ ಬರುತ್ತದೆ, ಹುಡುಕಾಟಕ್ಕೆ ಅದು ಬೇರೆ ಪದ. ‘ಸರ್ವರ್‌ಗೆ, ಸರ್ವರ್‌ನಲ್ಲಿ, ಸರ್ವರ್‌ಗಳು’ ಎಂಬ ರೂಪವನ್ನು ನಾನು ಶಿಫಾರಸು ಮಾಡುವುದು ಇದಕ್ಕೇ. ಕಿವಿಗೆ ಸ್ವಲ್ಪ ಗಡುಸು, ಆದರೆ ಪರದೆಯ ಮೇಲಿನ ಹೆಸರು ಹಾಗೇ ಗುರುತು ಸಿಗುತ್ತದೆ. ಹಳೆಯ ಬರಹ ಪರಿಶೀಲಿಸುವಾಗ ಕೊನೆಯ ಅರೆಯಕ್ಷರದ ಗುರುತು ಬಿಟ್ಟು ‘ಸರ್ವರ’ ಎಂದು ಹುಡುಕಿದರೆ ಬಹುಮಟ್ಟಿಗೆ ಎಲ್ಲ ರೂಪಗಳೂ ಒಟ್ಟಿಗೆ ಸಿಗುತ್ತವೆ.

ಮಲಯಾಳದಿಂದ ನುಸುಳುವ ಪದಗಳು

ಇದು ನಮ್ಮ ಕಡೆಯವರಿಗೇ ವಿಶೇಷವಾಗಿ ಬೇಕಾದ ಮಾತು. ಮಲಯಾಳದಲ್ಲಿ ‘ಅನುವಾದಂ’ ಎಂದರೆ ಅನುಮತಿ. ಕನ್ನಡದಲ್ಲಿ ಅನುವಾದ ಬೇರೆಯೇ. ದಿನವಿಡೀ ಮಲಯಾಳದ ಕಾಗದ ನೋಡುವವರ ಕೈಯಿಂದ ‘ಈ ಬಳಕೆದಾರನಿಗೆ ಓದುವ ಅನುವಾದ ಇಲ್ಲ’ ಎಂಬ ವಾಕ್ಯ ಬಂದರೆ, ಕಾಸರಗೋಡಿನವರು ಹೇಗೋ ಅರ್ಥಮಾಡಿಕೊಂಡಾರು, ಬಳ್ಳಾರಿಯವರಿಗೆ ಅದು ಏನೂ ಅಲ್ಲ. ಕ್ಲೌಡ್ ಕೈಪಿಡಿಯಲ್ಲಿ ಅನುಮತಿಯ ಮಾತು ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಇದನ್ನು ‘ಬಳಸಬಾರದ್ದು’ ಸಾಲಿನಲ್ಲಿ ಬರೆದೇ ಬಿಡಿ. ‘ಅಪೇಕ್ಷ’ ಎಂದರೆ ಮಲಯಾಳದಲ್ಲಿ ಅರ್ಜಿ. ಕೋಟಾ (ಬಳಕೆಗೆ ಹಾಕಿದ ಮಿತಿ) ಹೆಚ್ಚಿಸಲು ಸಲ್ಲಿಸುವುದು ನಮ್ಮಲ್ಲಿ ‘ಕೋರಿಕೆ’ ಆಗಲಿ. ಕಾಗುಣಿತದಲ್ಲೂ ಪ್ರಭಾವ ಕಾಣುತ್ತದೆ: ಸೆರ್ವರ್, ಡಾಟ, ಕಂಪ್ಯೂಟ್ಟರ್. ಇವು ಕೀಳು ಎಂದು ನಾನು ಹೇಳುತ್ತಿಲ್ಲ. ಗಡಿಯ ಕನ್ನಡ ನನಗೆ ಪ್ರೀತಿಯ ಕನ್ನಡ, ಅದರಲ್ಲಿ ಕತೆ ಬರೆಯಿರಿ, ಪತ್ರ ಬರೆಯಿರಿ. ಬೀದರಿನಿಂದ ಚಾಮರಾಜನಗರದವರೆಗೆ ಓದುವ ಕೈಪಿಡಿಯಲ್ಲಿ ಮಾತ್ರ ಸರ್ವರ್, ಡೇಟಾ, ಕಂಪ್ಯೂಟರ್ ಎಂದಿರಲಿ.

ಅದೇ ತಂತ್ರಾಂಶವನ್ನು ಮಲಯಾಳಕ್ಕೆ ಮಾಡುತ್ತಿರುವವರು ಪಕ್ಕದಲ್ಲೇ ಇದ್ದರೆ ಅವರ ಜತೆ ಕೂತು ‘ವಿಷಯ’ದ ಕಾಲಂ ಅನ್ನು ಹಂಚಿಕೊಳ್ಳಿ. ಇಂಗ್ಲಿಷ್ ಮೂಲದಲ್ಲಿ ಅಸ್ಪಷ್ಟವಾದದ್ದು ಇಬ್ಬರಿಗೂ ಅಸ್ಪಷ್ಟವೇ. ಮೂಲದವರಿಗೆ ಒಂದೇ ಪ್ರಶ್ನೆ ಕಳಿಸಿದರೆ ಸಾಕು.

ಪರಿಶೀಲನೆ

ಪಟ್ಟಿ ಇದ್ದರೆ ಸಾಲದು, ಬರೆಯುವ ಹೊತ್ತಿಗೆ ಕಣ್ಣ ಮುಂದಿರಬೇಕು. ಒಮೆಗಾಟಿ ಎಂಬ ಅನುವಾದ ತಂತ್ರಾಂಶದಲ್ಲಿ ಟ್ಯಾಬ್ ಹಾಕಿ ಬೇರ್ಪಡಿಸಿದ ಮೂರು ಕಾಲಂಗಳ ಸರಳ ಪಠ್ಯ ಫೈಲ್ ಅನ್ನು ಗ್ಲಾಸರಿ (ಪದಪಟ್ಟಿ) ಫೋಲ್ಡರ್‌ನಲ್ಲಿ ಇಟ್ಟರೆ ವಾಕ್ಯದಲ್ಲಿ ಆ ಪದ ಬಂದಾಗ ಪಕ್ಕದಲ್ಲಿ ತೋರಿಸುತ್ತದೆ. ವೆಬ್‌ಲೇಟ್‌ನಲ್ಲೂ ಗ್ಲಾಸರಿ ಇದೆ, ಹಲವರು ಸೇರಿ ಮಾಡುವ ಕೆಲಸಕ್ಕೆ ಅದು ಅನುಕೂಲ. ಅಧ್ಯಾಯ ಮುಗಿದ ಮೇಲೆ ಪಿಒ ಫೈಲ್‌ಗಳ ಮೇಲೆ ‘ಪೋಕಾನ್‌ಫ್ಲಿಕ್ಟ್ಸ್’ ಓಡಿಸಿ. ಒಂದೇ ಇಂಗ್ಲಿಷ್ ಸಾಲಿಗೆ ಎರಡು ಬಗೆಯ ಕನ್ನಡ ಎಲ್ಲೆಲ್ಲಿ ಇದೆ ಎಂದು ಅದು ಒಟ್ಟು ಮಾಡಿ ಕೊಡುತ್ತದೆ. ಅದರಲ್ಲಿ ಬಂದದ್ದೆಲ್ಲ ತಪ್ಪಲ್ಲ, ಅಮಾನತು ಮತ್ತು ಸಸ್ಪೆಂಡ್‌ನಂತೆ ಬೇಕೆಂದೇ ಬೇರೆ ಮಾಡಿದ್ದೂ ಇರುತ್ತದೆ. ‘ಬಳಸಬಾರದ್ದು’ ಸಾಲಿನ ಪದಗಳನ್ನು ಒಂದೊಂದಾಗಿ ಹುಡುಕುವ ಕೆಲಸ ಬೇಸರದ್ದು, ಆದರೆ ಅದರಷ್ಟು ಫಲ ಕೊಡುವ ಕೆಲಸ ಬೇರೆ ಇಲ್ಲ.

ವಾದ ಬಂದರೆ ಕೊನೆಯ ಮಾತು ಯಾರದು ಎಂದು ಮೊದಲೇ ನಿಗದಿ ಮಾಡಿಕೊಳ್ಳಿ. ಎರಡನೆಯ ಅತ್ಯುತ್ತಮ ಪದವನ್ನು ಎಲ್ಲ ಕಡೆ ಬಳಸುವುದು, ಅತ್ಯುತ್ತಮ ಪದವನ್ನು ಅರ್ಧ ಕಡೆ ಬಳಸುವುದಕ್ಕಿಂತ ಎಷ್ಟೋ ಮೇಲು.

ಪದ ಬದಲಾದಾಗ

ಬದಲಾವಣೆ ಬಂದೇ ಬರುತ್ತದೆ. ಓಪನ್‌ಸ್ಟ್ಯಾಕ್‌ನ ಜಾಲದ ಭಾಗಕ್ಕೆ ಮೊದಲು ‘ಕ್ವಾಂಟಮ್’ ಎಂದು ಹೆಸರಿತ್ತು, ಟ್ರೇಡ್‌ಮಾರ್ಕ್ ತಕರಾರಿನಿಂದ 2013ರಲ್ಲಿ ‘ನ್ಯೂಟ್ರಾನ್’ ಆಯಿತು. ಹೀಗಾದಾಗ ಹಳೆಯ ಹೆಸರನ್ನು ಪಟ್ಟಿಯಿಂದ ಅಳಿಸಬೇಡಿ. ‘ಹಳೆಯ ಹೆಸರು’ ಎಂದು ಗುರುತು ಹಾಕಿ, ಬದಲಿಸಿದ ದಿನಾಂಕ ಬರೆದು ಉಳಿಸಿ, ಯಾಕೆಂದರೆ ಹಳೆಯ ಆವೃತ್ತಿ ಬಳಸುವವರು ಇದ್ದೇ ಇರುತ್ತಾರೆ. ಕೈಪಿಡಿಯಲ್ಲಿ ಮಾತ್ರ ಬದಲಾವಣೆಯನ್ನು ಒಂದೇ ಸಲ, ಎಲ್ಲ ಅಧ್ಯಾಯಗಳಲ್ಲೂ ಮಾಡಿ. ಹೊಸ ಅಧ್ಯಾಯಕ್ಕೆ ಹೊಸ ಪದ, ಹಳೆಯದು ಆಮೇಲೆ ನೋಡೋಣ ಎಂದರೆ ಆ ಆಮೇಲೆ ಬರುವುದಿಲ್ಲ.

ಓಪನ್‌ಸ್ಟ್ಯಾಕ್‌ನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಆಗ ಹೊಸ ಇಂಗ್ಲಿಷ್ ಸಾಲುಗಳನ್ನು ಪಿಒ ಫೈಲ್‌ಗೆ ಸೇರಿಸುವ ಸಲಕರಣೆ, ಹೋಲುವ ಹಳೆಯ ಸಾಲಿನ ಅನುವಾದವನ್ನು ತಂದು ಅಂಟಿಸಿ ‘ಫಜಿ’ (ಅಸ್ಪಷ್ಟ, ಮತ್ತೆ ನೋಡಬೇಕಾದದ್ದು) ಎಂದು ಗುರುತು ಹಾಕುತ್ತದೆ. ಹೋಲಿಕೆ ಅಕ್ಷರಗಳದ್ದು ಮಾತ್ರ, ಅರ್ಥದ್ದಲ್ಲ. ‘ಸ್ಟಾಪ್ ಇನ್‌ಸ್ಟನ್ಸ್’ನ ಕನ್ನಡ ‘ಸ್ಟಾರ್ಟ್ ಇನ್‌ಸ್ಟನ್ಸ್’ನ ಕೆಳಗೆ ಬಂದು ಕೂರಬಹುದು. ನೋಡದೆ ಆ ಗುರುತು ತೆಗೆದರೆ ಶುರುಮಾಡುವ ಗುಂಡಿಯ ಮೇಲೆ ‘ನಿಲ್ಲಿಸು’ ಎಂದು ಅಚ್ಚಾಗುತ್ತದೆ. ಗುರುತು ಹಾಗೇ ಇದ್ದರೆ ಸಾಮಾನ್ಯವಾಗಿ ಆ ಸಾಲು ತಂತ್ರಾಂಶದೊಳಗೆ ಹೋಗುವುದಿಲ್ಲ, ಇಂಗ್ಲಿಷೇ ಕಾಣಿಸುತ್ತದೆ, ಅಷ್ಟು ಹಾನಿಯಿಲ್ಲ. ಆದ್ದರಿಂದ ಹೊಸ ಆವೃತ್ತಿ ಕೈಗೆ ಬಂದಾಗ ಫಜಿ ಸಾಲುಗಳಲ್ಲಿ ಕ್ರಿಯಾಪದ ಇರುವವನ್ನು ಮೊದಲು ಬೇರೆ ಮಾಡಿ, ಪದಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದನ್ನೇ ಓದಿ ಗುರುತು ತೆಗೆಯಿರಿ. ಸಮಯ ಸಾಲದೆ ಹೋದರೆ ಉಳಿದ ಸಾಲುಗಳನ್ನು ಫಜಿಯಾಗಿಯೇ ಬಿಟ್ಟು ಆವೃತ್ತಿ ಹೊರಡಿಸಿ.